ಬೋರ್‌ವೆಲ್ ದುಡ್ಡಿನಲ್ಲಿ ನೋಡಿದ ಶಾಂಘೈ

ಹೊಳಲ್ಕೆರೆಯಲ್ಲಿ ನಮ್ಮಪ್ಪನದು ಮೋಟರ್, ಪೈಪು, ಕೇಬಲ್ ಮಾರುವ ಅಂಗಡಿ. 2018ರಲ್ಲಿ ಪಂಪ್‌ಸೆಟ್ ಕಂಪನಿಯೊಂದು ಟಾರ್ಗೆಟ್ ಮುಟ್ಟಿದ ಡೀಲರ್‌ಗಳನ್ನು ಚೀನಾ ಪ್ರವಾಸಕ್ಕೆ ಕರೆದುಕೊಂಡು ಹೋಯಿತು. ಒಬ್ಬೊಬ್ಬರಿಗೆ ಎರಡೆರಡು ಟಿಕೆಟ್. ಅಮ್ಮ ‘ದನಕರ ಬಿಟ್ಟು ನಾನೆಲ್ಲಿಗೆ ಬರ್ಲಿ, ಮಗಳನ್ನ ಕರ್ಕೊಂಡು ಹೋಗ್ರಿ’ ಅಂದಳು. ಹಾಗಾಗಿ ಆಗ ಪತ್ರಿಕೋದ್ಯಮ ಓದುತ್ತಿದ್ದ ನಾನು ಅಪ್ಪನ ಜೊತೆ ನವೆಂಬರಿನ ಒಂದು ಮಧ್ಯಾಹ್ನ ಶಾಂಘೈನಲ್ಲಿ ಇಳಿದೆ.

ದಾವಣಗೆರೆ, ಶಿವಮೊಗ್ಗ, ತುಮಕೂರು ಕಡೆಯವರೆಲ್ಲ ಸೇರಿ ಮೂವತ್ತೆಂಟು ಜನ. ಹೋಟೆಲಿನಲ್ಲಿ ಬ್ಯಾಗು ಇಟ್ಟು, ಮನೆಯಿಂದ ತಂದಿದ್ದ ರೊಟ್ಟಿ, ಶೇಂಗಾ ಚಟ್ನಿಪುಡಿ ತಿಂದು ಬಸ್ ಹತ್ತುವಷ್ಟರಲ್ಲಿ ಕತ್ತಲಾಗಿತ್ತು. ಚೀನಾದಲ್ಲಿ ಇಡೀ ದೇಶಕ್ಕೆ ಒಂದೇ ಸಮಯ, ನಮಗಿಂತ ಎರಡೂವರೆ ಗಂಟೆ ಮುಂದೆ. ಶಾಂಘೈ ಇರುವುದು ಪೂರ್ವದ ಅಂಚಿನಲ್ಲಿ. ನವೆಂಬರಿನಲ್ಲಿ ಅಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಅಪ್ಪ ಮಾತ್ರ ವಾಚಿನ ಮುಳ್ಳು ತಿರುಗಿಸಲಿಲ್ಲ. ‘ಊರಲ್ಲಿ ಈಗ ಮೂರೂವರೆ’ ಅನ್ನುತ್ತಿದ್ದರು.

ಗೈಡ್ ನನ್ನದೇ ವಯಸ್ಸಿನ ಹುಡುಗಿ. ಕೈಯಲ್ಲೊಂದು ಹಳದಿ ಬಾವುಟ. ‘ಇಲ್ಲಿ ಗೂಗಲ್, ವಾಟ್ಸಾಪ್ ನಡೆಯಲ್ಲ. ತಪ್ಪಿಸಿಕೊಂಡರೆ ಈ ಕಾರ್ಡ್ ತೋರಿಸಿ’ ಎಂದು ಚೀನೀ ಅಕ್ಷರದಲ್ಲಿ ಹೋಟೆಲ್ ವಿಳಾಸವಿದ್ದ ಚೀಟಿ ಎಲ್ಲರಿಗೂ ಕೊಟ್ಟಳು. ಮೊದಲು ಕರೆದುಕೊಂಡು ಹೋಗಿದ್ದು ಹುವಾಂಗ್‌ಪು ಹೊಳೆಯ ದಂಡೆಗೆ. ಅದಕ್ಕೆ ‘ಬಂಡ್’ ಅಂತ ಹೆಸರು. ‘ಬಂಡ್ ಅಂದ್ರೆ ಏರಿ ಅಲ್ವೇನವ್ವಾ’ ಅಂದರು ಅಪ್ಪ. ಅವರ ಊಹೆ ಸರಿಯಾಗಿತ್ತು. ನಮ್ಮ ಕಡೆಯ ಹೊಲಗಳ ಬಂಡಿಂಗ್ ಕೆಲಸದಲ್ಲಿರುವ ಪದವೇ ಅದು. ಬ್ರಿಟಿಷರು ಇಲ್ಲಿಂದ ಅಲ್ಲಿಗೆ ಒಯ್ದಿದ್ದು.

ಏರಿಯ ಈಚೆ ಬ್ರಿಟಿಷರ ಕಾಲದ ಕಲ್ಲಿನ ಬ್ಯಾಂಕು ಕಟ್ಟಡಗಳು. ಹೊಳೆಯಾಚೆ ಪುಡಾಂಗ್. 1990ರವರೆಗೆ ಅಲ್ಲಿ ಹೆಚ್ಚಾಗಿ ಹೊಲ, ಗೋದಾಮುಗಳೇ ಇದ್ದವಂತೆ. ಈಗ ನೇರಳೆ, ಕೆಂಪು ದೀಪ ತೊಟ್ಟ 468 ಮೀಟರಿನ ಪರ್ಲ್ ಟವರ್. ಅದರ ಹಿಂದೆ 632 ಮೀಟರಿನ, 128 ಅಂತಸ್ತಿನ ಶಾಂಘೈ ಟವರ್. ಶಿವಮೊಗ್ಗದ ಡೀಲರ್ ಒಬ್ಬರು ಮೊಬೈಲಿನಲ್ಲಿ ಲೆಕ್ಕ ಹಾಕಿ, ‘ಎರಡು ಸಾವಿರ ಅಡಿ ಮೇಲಕ್ಕೆ ಹೋಗವ್ರೆ ಮಾರಾಯ್ರೆ, ನಾವು ಸಾವಿರ ಅಡಿ ಕೆಳಕ್ಕೆ ಹೋಗಾಕೆ ಒದ್ದಾಡ್ತೀವಿ’ ಅಂದರು. ಎಲ್ಲರೂ ನಕ್ಕರು.

ನಗು ಮುಗಿದು ತಿರುಗಿದರೆ ಅಪ್ಪ ಇಲ್ಲ. ಜನ ನಮ್ಮೂರ ತೇರಿನಲ್ಲಿ ಸೇರಿದ ಹಾಗೆ ಸೇರಿದ್ದರು. ಫೋನು ನಡೆಯದು, ಭಾಷೆ ಬಾರದು. ಅಪ್ಪನ ಜೇಬಿನಲ್ಲಿರಬೇಕಾದ ಹೋಟೆಲ್ ಚೀಟಿ ನನ್ನ ಬ್ಯಾಗಿನಲ್ಲೇ ಇತ್ತು. ಗೈಡೂ ನಾನೂ ಅತ್ತಿಂದಿತ್ತ ಓಡಾಡಿದೆವು. ಇಪ್ಪತ್ತು ನಿಮಿಷದ ಮೇಲೆ ಕಂಬಿ ಹಿಡಿದು ನಿಂತ ಅಪ್ಪ ಕಂಡರು. ಟವರ್ ಕಡೆ ನೋಡುತ್ತಿರಲಿಲ್ಲ, ಬಗ್ಗಿ ನೀರು ನೋಡುತ್ತಿದ್ದರು. ನಾನು ಬೈಯುವ ಮೊದಲೇ, ‘ಇಲ್ಲಿ ಎಷ್ಟು ಅಡಿಗೆ ನೀರು ಬೀಳುತ್ತೆ, ಆ ಹುಡುಗೀನ ಕೇಳವ್ವಾ’ ಅಂದರು.

ಕೇಳಿದೆ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ನಲ್ಲಿಯಲ್ಲಿ ಬರುತ್ತಲ್ಲ’ ಅಂದಳು.

ಆ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ಒಂದು ವಿಷಯ ತಿಳಿದುಕೊಂಡಿದ್ದು ಊರಿಗೆ ಬಂದ ಮೇಲೆ. ಆ ನಗರವೂ ಒಂದು ಕಾಲಕ್ಕೆ ನಮ್ಮ ಹಾಗೇ ಅಂತರ್ಜಲ ಎತ್ತಿತ್ತು, ಬಟ್ಟೆ ಗಿರಣಿಗಳಿಗೆ. ಅದರಿಂದ ನೆಲವೇ ಕುಸಿಯಿತು. 1921ರಿಂದ 1965ರೊಳಗೆ ನಗರದ ಮಧ್ಯಭಾಗ ಸರಾಸರಿ 1.7 ಮೀಟರಿಗೂ ಹೆಚ್ಚು ಇಳಿದಿತ್ತು. ಆಮೇಲೆ ನೀರೆತ್ತುವುದಕ್ಕೆ ಮಿತಿ ಹಾಕಿದರು, ಅದೇ ಬಾವಿಗಳಿಗೆ ನೀರು ವಾಪಸ್ ತುಂಬಿಸಲು ಶುರು ಮಾಡಿದರು. ನಮ್ಮ ಅಂಗಡಿಯಿಂದ ನೀರೆತ್ತುವ ಸಾಮಾನು ಹೋಗಿದ್ದನ್ನಷ್ಟೇ ನಾನು ನೋಡಿದ್ದೇನೆ, ಇಂಗಿಸುವ ಸಾಮಾನು ಹೋಗಿದ್ದನ್ನು ನೋಡಿಲ್ಲ.

ನಮಗೆ ಈ ಪ್ರವಾಸ ಸಿಕ್ಕಿದ್ದು ಹೇಗೆ ಅನ್ನುವುದನ್ನೂ ಹೇಳಬೇಕು. ಆ ವರ್ಷಗಳಲ್ಲಿ ಮಳೆ ಕೈಕೊಟ್ಟಿತ್ತು. ಭದ್ರಾ ಮೇಲ್ದಂಡೆ ನೀರಿನ ದಾರಿ ಕಾಯುತ್ತ ಕಾಯುತ್ತ ಜನ ಅಡಿಕೆ ತೋಟ ಉಳಿಸಿಕೊಳ್ಳಲು ಟ್ಯಾಂಕರ್ ನೀರು ಹಾಯಿಸುತ್ತಿದ್ದರು. ಬೋರಿನಲ್ಲಿ ನೀರು ಇನ್ನೂರು ಅಡಿ ಇಳಿದರೆ ಇಪ್ಪತ್ತು ಅಡಿಯ ಪೈಪು ಹತ್ತು ಹೆಚ್ಚು ಬೇಕು, ಕೇಬಲ್ ಹೆಚ್ಚು ಬೇಕು, ಹಳೇ ಮೋಟರ್ ಎತ್ತದಿದ್ದರೆ ದೊಡ್ಡ ಎಚ್‌ಪಿಯ ಮೋಟರ್ ಬೇಕು. ಎಂಟುನೂರು ಅಡಿ ಕೊರೆಸಿ ಬರೀ ಧೂಳು ಬಂದವರು ಮತ್ತೊಂದು ಪಾಯಿಂಟ್ ಮಾಡಿಸುತ್ತಿದ್ದರು. ಬರ ಹೆಚ್ಚಿದಷ್ಟೂ ಅಂಗಡಿಯಲ್ಲಿ ವ್ಯಾಪಾರ ಹೆಚ್ಚು. ಅರ್ಧ ಉದ್ರಿ. ಆದರೆ ಕಂಪನಿಯ ಲೆಕ್ಕಕ್ಕೆ ಉದ್ರಿಯೂ ಟಾರ್ಗೆಟ್ಟೇ.

ಅದೇ ವರ್ಷ ಕಾಲೇಜಿನ ಪ್ರಾಯೋಗಿಕ ಪತ್ರಿಕೆಗೆ ನಮ್ಮ ತಾಲ್ಲೂಕಿನ ಬರದ ಬಗ್ಗೆ ವರದಿ ಬರೆದಿದ್ದೆ. ಮೇಷ್ಟ್ರು ಹೊಗಳಿದ್ದರು. ಒಣಗಿದ ತೋಟ ಇತ್ತು, ಸಾಲ ಇತ್ತು, ಸರ್ಕಾರದ ನಿರ್ಲಕ್ಷ್ಯ ಇತ್ತು. ನಮ್ಮ ಅಂಗಡಿ ಇರಲಿಲ್ಲ. ನನ್ನ ಫೀಸು ಎಲ್ಲಿಂದ ಬರುತ್ತಿತ್ತು ಅನ್ನುವುದೂ ಇರಲಿಲ್ಲ. ಇದನ್ನು ಅಪ್ಪನ ಮೇಲೆ ತಪ್ಪು ಹೊರಿಸಲು ಬರೆಯುತ್ತಿಲ್ಲ. ಕೇಳಿದವರಿಗೆ ಕೇಳಿದ್ದನ್ನು ಕೊಟ್ಟವರು ಅವರು. ಎಷ್ಟೋ ಜನರ ಬಾಕಿಯನ್ನು ಎರಡನೇ ಸಲ ಕೇಳಿಯೂ ಇಲ್ಲ. ಬರೆಯದೇ ಬಿಟ್ಟವಳು ನಾನು.

ಆ ರಾತ್ರಿ ದೋಣಿಯಲ್ಲಿ ಒಂದು ಸುತ್ತು ಹಾಕಿಸಿ ಗೈಡ್ ನಮ್ಮನ್ನು ಬಸ್ಸಿಗೆ ಹತ್ತಿಸಿದಳು. ಹತ್ತು ಗಂಟೆಯಾಗಿತ್ತು. ಬಸ್ ಹೊರಟಂತೆ ಆಚೆ ದಂಡೆಯ ದೀಪಗಳು ಒಂದೊಂದಾಗಿ ಆರಿದವು. ದಿನಾ ಹಾಗೇ ಆರಿಸುತ್ತಾರಂತೆ.

‘ಇಲ್ಲಿ ಹತ್ತಕ್ಕೆ ತೆಗೀತಾರೆ’ ಅಂದರು ಅಪ್ಪ. ‘ನಮ್ಮಲ್ಲಿ ಹತ್ತಕ್ಕೆ ತ್ರೀಫೇಸ್ ಕೊಡ್ತಾರೆ.’

ವಾಚು ನೋಡಿಕೊಂಡರು. ಊರಲ್ಲಿ ಆಗಿನ್ನೂ ಏಳೂವರೆ. ಇನ್ನೆರಡೂವರೆ ಗಂಟೆಗೆ ಟಾರ್ಚು ಹಿಡಿದು ಸ್ಟಾರ್ಟರ್ ಒತ್ತಲು ತೋಟಕ್ಕೆ ಹೋಗುವವರಲ್ಲಿ ಎಷ್ಟೋ ಜನ ನಮ್ಮ ಉದ್ರಿ ಪುಸ್ತಕದಲ್ಲಿದ್ದರು.