ಮುಖ ನೋಡಿ ಮಣೆ

ಮಾಸ್ತರಿಕೆಯ ಮೂವತ್ತು ವರ್ಷಗಳಲ್ಲಿ ಎಷ್ಟೋ ಹುಡುಗರನ್ನು ಹೊಡೆದೆ, ಎಷ್ಟನ್ನೋ ಮರೆತೆ. ತಿಕೋಟಾದ ಒಬ್ಬ ಹುಡುಗನಿಗೆ ಕೊಟ್ಟ ಪೆಟ್ಟನ್ನು ಮಾತ್ರ ಮರೆಯಲಾಗಿಲ್ಲ.

ಬಿಜಾಪುರ ಆಗ ಇನ್ನೂ ವಿಜಯಪುರವಾಗಿರಲಿಲ್ಲ. ಐದನೆಯ ಇಯತ್ತೆಗೆ ಹೊಸದಾಗಿ ಬಂದಿದ್ದ ಆ ಹುಡುಗ, ಇಡೀ ವರ್ಗ ನಕ್ಕರೂ ನಗುತ್ತಿರಲಿಲ್ಲ. ಪಕ್ಕದಿಂದ ಕರೆದರೆ ಕಣ್ಣು ಹೊರಳಿಸದೆ ತಲೆಯನ್ನೇ ತಿರುಗಿಸುತ್ತಿದ್ದ. ಗರ್ವ ಎಂದುಕೊಂಡೆ.

“ನಿಮ್ಮ ಅವ್ವನ ತವರು ಯಾವ ಊರೋ?” ಎಂದು ಒಂದು ದಿನ ಕೇಳಿದೆ.

“ದದಲೇಶ್ವರ, ಸರ.”

“ಸರಿಯಾಗಿ ಹೇಳು.”

“ದದಲೇಶ್ವರ.”

ವರ್ಗ ಗೊಳ್ಳೆಂದಿತು. ಅವನ ಮುಖ ಅಲುಗಲಿಲ್ಲ. ನನ್ನನ್ನೇ ಅಣಕಿಸುತ್ತಿದ್ದಾನೆಂದು ಬೆತ್ತ ಎತ್ತಿದೆ.

ಮರುದಿನ ತಾಯಿ ಬಂದಳು. “ಅಂವಾ ಹುಟ್ಟಿದಾಗಿಂದ ಹಿಂಗ ಅದಾನ್ರಿ. ಮೊಲಿ ಚೀಪಾಕ ಬರತಿರಲಿಲ್ಲ, ಚಮಚೆಲೆ ಹಾಲು ಹಾಕಿ ಉಳಿಸೀನ್ರಿ. ನಾ ಗ್ರಹಣ ನೋಡೀನಿ ಅಂತ ಮನ್ಯಾಗ ಇವತ್ತಿಗೂ ಅಂತಾರ್ರಿ.”

ಇಬ್ಬರನ್ನೂ ಕರೆದುಕೊಂಡು ಬಿಜಾಪುರದ ವೈದ್ಯರಲ್ಲಿಗೆ ಹೋದೆ. ಅವರು ಹೇಳಿದ ಹೆಸರು ಮೋಬಿಯಸ್ ಸಿಂಡ್ರೋಮ್. ಜರ್ಮನಿಯ ವೈದ್ಯ ಪಾಲ್ ಜೂಲಿಯಸ್ ಮೋಬಿಯಸ್ 1888ರಲ್ಲಿ ವಿವರಿಸಿದ, ಬಲು ಅಪರೂಪದ ಜನ್ಮದೋಷ. ಮೆದುಳಿನಿಂದ ನೇರವಾಗಿ ಹೊರಡುವ ನರಗಳು 12 ಜೊತೆ. 6ನೆಯದು ಕಣ್ಣನ್ನು ಹೊರಬದಿಗೆ ಹೊರಳಿಸುತ್ತದೆ. 7ನೆಯದು ನಗಿಸುತ್ತದೆ, ರೆಪ್ಪೆ ಮುಚ್ಚಿಸುತ್ತದೆ, ತುಟಿ ಕೂಡಿಸುತ್ತದೆ. ಇವನಲ್ಲಿ ಈ ಎರಡೂ ಗರ್ಭದಲ್ಲೇ ಸರಿಯಾಗಿ ಬೆಳೆದಿರಲಿಲ್ಲ. ತುಟಿ ಕೂಡದೆ ಪ, ಬ, ಮ ಹೊರಡುವುದು ಹೇಗೆ? ಬಬಲೇಶ್ವರ ದದಲೇಶ್ವರವಾದದ್ದು ಹೀಗೆ. ಅಂಗುಳ ಸೀಳು, ಸಣ್ಣ ದವಡೆ, ತಿರುಚಿದ ಪಾದ ಕೆಲವರಲ್ಲಿ ಜೊತೆಗಿರುತ್ತವೆ. ವಯಸ್ಸಾದಂತೆ ಈ ದೋಷ ಉಲ್ಬಣಿಸುವುದಿಲ್ಲ. ಬುದ್ಧಿಗೆ ಸಾಮಾನ್ಯವಾಗಿ ಕುಂದಿಲ್ಲ. ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಕೊನೆಯ ಮಾತು ಕೇಳಿ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಪಾಲಕರೇ, ಕೂಸು ಹಾಲು ಚೀಪಲಾರದಿದ್ದರೆ, ನಿದ್ದೆಯಲ್ಲೂ ರೆಪ್ಪೆ ಮುಚ್ಚದಿದ್ದರೆ, ತಿಂಗಳುಗಳು ಕಳೆದರೂ ನಗದಿದ್ದರೆ ಹರಕೆ ಹೊತ್ತು ಕೂಡ್ರಬೇಡಿ, ವೈದ್ಯರಿಗೆ ತೋರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಸರಕಾರಿ ಶಾಲೆಗಳಲ್ಲೇ ಮಕ್ಕಳ ಜನ್ಮದೋಷಗಳ ತಪಾಸಣೆ ನಡೆಯುತ್ತದೆ. ಕಣ್ಣು ಒಣಗದಂತೆ ಹನಿಮದ್ದು, ಮಾತಿಗೆ ತರಬೇತಿ, ಕಿವಿಯ ಪರೀಕ್ಷೆ ಬೇಕು. ತೊಡೆಯ ಸ್ನಾಯುವಿನ ತುಣುಕನ್ನು ಕೆನ್ನೆಗೆ ಜೋಡಿಸಿ, ಅಗಿಯಲು ನೆರವಾಗುವ ನರಕ್ಕೆ ಹೊಲಿಯುವ ಶಸ್ತ್ರಚಿಕಿತ್ಸೆಯೂ ಇದೆ. ಆ ಮೇಲೆ ಮಗು ಹಲ್ಲು ಕಚ್ಚಿ ನಗಲು ಕಲಿಯುತ್ತದೆ. ವಿದ್ಯಾರ್ಥಿಗಳೇ, ನಿಮ್ಮ ವರ್ಗದಲ್ಲಿ ಅಂಥವನೊಬ್ಬನಿದ್ದರೆ ಅವನ ಮುಖವನ್ನಲ್ಲ, ಮಾತನ್ನು ಗಮನಿಸಿ.

ಆ ವರ್ಷ ಮಕ್ಕಳನ್ನು ಗೋಳಗುಮ್ಮಟಕ್ಕೆ ಕರೆದೊಯ್ದಿದ್ದೆ. ಪಿಸುಗುಟ್ಟುವ ಗ್ಯಾಲರಿಯಲ್ಲಿ ಅವನು ಆಚೆ ಬದಿಗೆ, ನಾನು ಈಚೆ ಬದಿಗೆ. ಗೋಡೆಗೆ ಕಿವಿಯಿಟ್ಟೆ. “ಸರ, ದದಲೇಶ್ವರ!” ಎಂದ. ಹಿಂದೆಯೇ ಕಿಲಕಿಲ ನಗು. ದೂರದಲ್ಲಿ ಅವನ ಮುಖ ಕಾಣುತ್ತಿರಲಿಲ್ಲ. ನಗು ಮಾತ್ರ ಗುಮ್ಮಟದ ತುಂಬ ಮತ್ತೆ ಮತ್ತೆ ಕೇಳಿತು. ಅವನು ಮೊದಲಿನಿಂದಲೂ ನಗುತ್ತಲೇ ಇದ್ದ. ನಾನು ಕಿವಿಗೊಟ್ಟಿರಲಿಲ್ಲ, ಅಷ್ಟೇ.