ಒಳಗಿನ ಗಾಳಿ

ಕಳೆದ ದೀಪಾವಳಿಗೆ ನನ್ನ ಸೋದರಮಾವ ಮಲೇಷ್ಯದಿಂದ ಊರಿಗೆ ಬಂದಿದ್ದರು. ಮಲಯ ಪರ್ಯಾಯದ್ವೀಪದ ಈಶಾನ್ಯ ಮೂಲೆಯಲ್ಲಿ ಕೆಲಂತಾನ್ ಎಂಬ ರಾಜ್ಯವಿದೆ. ಅದರ ರಾಜಧಾನಿ ಕೋಟಾ ಬಾರುವಿನ ಒಂದು ಹೋಟೆಲಿನಲ್ಲಿ ಅವರು ಅಡಿಗೆಯವರು. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು, "ಅಲ್ಲಿಯ ಸಂಗೀತ ಕೇಳಿ" ಎಂದು ಮೊಬೈಲಿನಲ್ಲಿ ಹಿಡಿದು ತಂದಿದ್ದುದನ್ನು ಹಾಕಿದರು. ಯಾವುದೋ ತಂತಿವಾದ್ಯ ಮೆಲ್ಲನೆ ನರಳತೊಡಗಿತು. ನಡುನಡುವೆ ಜಾಗಟೆಯಂಥ ದನಿ ಗಂಭೀರವಾಗಿ ಮೊಳಗಿತು. ಹೆಂಗಸರು ಎಳೆದೆಳೆದು ಹಾಡಿದರು. "ಎಣ್ಣೆ ಕಾಣದ ಗಾಡಿಯ ಅಚ್ಚಿನ ಹಾಗಿದೆ" ಎಂದು ನಾನು ನಕ್ಕೆ. ತಂಗಿಯೂ ನಕ್ಕಳು. ಕಂಬಳಿ ಹೊದ್ದು ಮೂಲೆಯಲ್ಲಿದ್ದ ತಾತ ಮಾತ್ರ ನಗಲಿಲ್ಲ. "ಇನ್ನೊಂದು ಸಲ ಹಾಕಪ್ಪ" ಎಂದರು.

ತಾತ ಒಂದು ಕಾಲಕ್ಕೆ ಸುತ್ತಲ ಹಳ್ಳಿಗಳ ನಾಟಕಗಳಿಗೆಲ್ಲ ಹಾರ್ಮೋನಿಯಂ ಮೇಷ್ಟರು. ನಾಟಕದ ಸಾಲಕ್ಕೆ ಎರಡೆಕರೆ ಹೊಲ ಹೋಯಿತು. ಅಪ್ಪ ಸಿಟ್ಟಿನಿಂದ ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಿ ಆರು ವರ್ಷವಾಗಿತ್ತು. ಅಂದಿನಿಂದ ತಾತನಿಗೆ ಮಾತು ಕಡಿಮೆ. "ಎದೆಯಲ್ಲಿ ಏನೋ ಕಟ್ಟಿದ ಹಾಗಿದೆ" ಎನ್ನುವರು. ಡಾಕ್ಟರರು ಪರೀಕ್ಷಿಸಿ ಏನೂ ಇಲ್ಲವೆಂದರು. ಗಾಳಿ ಸೋಕಿದೆಯೆಂದು ಅಜ್ಜಿ ದಾರ ಕಟ್ಟಿಸಿದರು.

ರಜೆ ಮುಗಿಸಿ ಕಾಲೇಜಿಗೆ ಬಂದ ಮೇಲೂ ಆ ನಗು ನನ್ನನ್ನು ಚುಚ್ಚುತ್ತಿತ್ತು. ಸಿಕ್ಕಿದ್ದನ್ನೆಲ್ಲ ಓದಿದೆ. ನಾನು ಕೇಳಿದ್ದು ಮಕ್ ಯೋಂಗ್ ಎಂಬ ಆಟದ ಸಂಗೀತ. ನರಳಿದ ವಾದ್ಯ ರೆಬಾಬ್: ಮೂರು ತಂತಿ, ಒಂದು ಕಮಾನು. ಜಾಗಟೆಯಂತೆ ಕೇಳಿದ್ದು ತೆತಾವಕ್ ಎಂಬ ತೂಗುಗಂಟೆ. ಆಟದ ಮೊದಲಲ್ಲಿ ನಟಿಯರು ರೆಬಾಬಿನ ಕಡೆ ಮುಖ ಮಾಡಿ ಕುಳಿತು ಹಾಡುತ್ತಾರೆ. ರಾಜನ ಪಾತ್ರವನ್ನೂ ವಾಡಿಕೆಯಂತೆ ಹೆಂಗಸರೇ ಕಟ್ಟುವರು. ಕಂಠದ ದನಿಗೆ ಮಲಯರು 'ಸುವಾರ' ಎನ್ನುತ್ತಾರೆ. ಅದು ನಮ್ಮ ಸ್ವರವೇ. ಆ ದೇಶದ ದಕ್ಷಿಣದ ಜೋಹೋರಿನಲ್ಲಂತೂ ಗಜಲ್ ಹಾಡುವವರು ನಮ್ಮ ತಬಲಾ, ಹಾರ್ಮೋನಿಯಂಗಳನ್ನೇ ತಮ್ಮದಾಗಿಸಿಕೊಂಡಿದ್ದಾರೆ.

ಈ ಮಕ್ ಯೋಂಗ್ ಕೂಡ ಅಟ್ಟ ಸೇರಿದ್ದ ಕಲೆ. ಅದರಲ್ಲಿಯ ಹಳೆಯ ದೈವಾರಾಧನೆ ಧರ್ಮಕ್ಕೆ ಹೊಂದದೆಂದು ಕೆಲಂತಾನ್ ರಾಜ್ಯ ಸರ್ಕಾರ 1991ರಲ್ಲಿ ಅದನ್ನು ನಿಷೇಧಿಸಿತು. 2005ರಲ್ಲಿ ಯುನೆಸ್ಕೋ ಅದನ್ನು ಮನುಕುಲದ ಶ್ರೇಷ್ಠ ಪರಂಪರೆಗಳಲ್ಲಿ ಒಂದೆಂದು ಸಾರಿತು. ಆದರೂ ತವರಿನಲ್ಲಿ ನಿಷೇಧ ಸಡಿಲವಾದದ್ದು 2019ರಲ್ಲಿ, ಅದೂ ಷರತ್ತುಗಳೊಡನೆ.

ಓದುತ್ತ ಓದುತ್ತ ಒಂದು ಪದದ ಬಳಿ ನಾನು ನಿಂತುಬಿಟ್ಟೆ: ಆಂಗಿನ್. ಹಾಗೆಂದರೆ ಗಾಳಿ. ಕೆಲವರಿಗೆ ಹುಟ್ಟಿನಿಂದಲೇ ಒಂದು ಒಳಗಿನ ಗಾಳಿ ಬಂದಿರುತ್ತದೆ ಎಂಬುದು ಕೆಲಂತಾನಿನ ಹಳ್ಳಿಗರ ನಂಬಿಕೆ. ಅದು ಹಾಡಬೇಕೆನ್ನುವ, ಕುಣಿಯಬೇಕೆನ್ನುವ, ಮೆರೆಯಬೇಕೆನ್ನುವ ಗಾಳಿ. ಹೊರಬರಲು ದಾರಿ ಸಿಗದೆ ಅದು ಎದೆಯಲ್ಲಿ ಕಟ್ಟಿಕೊಂಡರೆ ಮನುಷ್ಯ ಕಾಯಿಲೆ ಬೀಳುತ್ತಾನೆ. ಆಗ ಮಾಯಿನ್ ಪುತೆರಿ ಎಂಬ ರಾತ್ರಿಯ ಸೇವೆ ನಡೆಸುವರು. ರೆಬಾಬಿನವನು ರೋಗಿಯ ಗಾಳಿಗೆ ಒಪ್ಪುವ ರಾಗವನ್ನು ಹುಡುಕುತ್ತ ಬಾರಿಸುತ್ತಾನೆ. ಅದು ಸಿಕ್ಕಿದೊಡನೆ ರೋಗಿ ಎದ್ದು ಕುಣಿಯುವುದೂ ಉಂಟು.

ಇದು ಔಷಧವೆಂದು ನಾನು ವಾದಿಸುವುದಿಲ್ಲ. ನಮ್ಮ ವಿಜ್ಞಾನದ ಅಧ್ಯಾಪಕರು ನಕ್ಕರೆ ಅದು ನ್ಯಾಯವೇ. ಆದರೆ ನಮ್ಮ ಅಜ್ಜಿ ಹೇಳಿದ ಗಾಳಿ ಹೊರಗಿನಿಂದ ಸೋಕುವುದು, ಅದನ್ನು ಓಡಿಸಬೇಕು. ಇವರ ಗಾಳಿ ಒಳಗಿನದು; ಅದನ್ನು ಹಾಡಿಸಬೇಕು. ಆರು ವರ್ಷ ನಾವು ಓಡಿಸುವ ಉಪಾಯವನ್ನೇ ಮಾಡಿದ್ದೆವಲ್ಲ!

ಸಂಕ್ರಾಂತಿಗೆ ಹೋದಾಗ ಅಪ್ಪ ಹೊಲದಲ್ಲಿದ್ದ ಹೊತ್ತು ನೋಡಿ ಅಟ್ಟ ಹತ್ತಿದೆ. ಇಲಿ ತಿದಿಯನ್ನು ಕಚ್ಚಿತ್ತು. ಗೋಂದು ಹಚ್ಚಿ ಬಟ್ಟೆ ಅಂಟಿಸಿದೆ. ತಾತ ಏನೂ ಹೇಳಲಿಲ್ಲ. ಪಂಚೆಯ ಸೆರಗಿನಿಂದ ಮನೆಗಳ ಧೂಳನ್ನು ಒಂದೊಂದಾಗಿ ಒರೆಸಿ, ತಿದಿ ಒತ್ತಿದರು. ಎರಡು ಮನೆಗಳು ನುಡಿಯಲೇ ಇಲ್ಲ. ಆ ಎರಡು ಸ್ವರ ಬಂದಾಗಲೆಲ್ಲ ತಾತ ತಾವೇ ದನಿ ತೆಗೆದು ತುಂಬಿದರು.

ಸಂಜೆ ಅಪ್ಪ ಬಂದು ಬಾಗಿಲಲ್ಲಿ ನಿಂತರು. ನನ್ನ ಎದೆ ಡವಡವ ಎಂದಿತು. ಬಹಳ ಹೊತ್ತು ಕೇಳಿ, "ರಾತ್ರಿ ಹತ್ತರ ಮೇಲೆ ಬೇಡ" ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು.

ನಮ್ಮ ಮನೆಯಲ್ಲಿಯೂ ನಿಷೇಧ ಷರತ್ತಿನೊಡನೆಯೇ ಸಡಿಲವಾಯಿತು. ತಾತನ ಎದೆನೋವು ಹೋಯಿತೇ ಎಂದು ಕೇಳಬೇಡಿ, ನಾನೂ ಕೇಳಿಲ್ಲ. ಮೊನ್ನೆ ಅವರೇ ಫೋನಿನಲ್ಲಿ ಕೇಳಿದರು: "ಆ ಮಲಯದ ಪಿಟೀಲಿನದು ಯಾವ ರಾಗ, ನಿಮ್ಮ ಕಾಲೇಜಿನಲ್ಲಿ ಯಾರಿಗಾದರೂ ಗೊತ್ತೇನೋ?"