ಒಂದು ಹನಿಯ ಜಾಡು

ಬೆಳಿಗ್ಗೆ ಟ್ರ್ಯಾಕ್ಟರಿನ ಇಂಜಿನ್ ತಣ್ಣಗಿದ್ದಾಗ ಬ್ಲಾಕಿನ ಪಕ್ಕದ ಪ್ಲಗ್ಗಿನಿಂದ ನೀರಿನ ಹನಿ ಬೀಳುತ್ತದೆ. ಗಾಡಿ ಬಿಸಿಯಾದರೆ ಹನಿ ನಿಂತುಹೋಗುತ್ತದೆ. ತಾನೇ ಸರಿಯಾಯಿತೆಂದು ಮಾಲೀಕ ಗದ್ದೆಗೆ ಹೊರಡುತ್ತಾನೆ. ಆದರೆ ಸರಿಯಾದದ್ದು ಏನೂ ಇಲ್ಲ. ಬಿಸಿಗೆ ಲೋಹ ಹಿಗ್ಗಿ ಸಂದು ಮುಚ್ಚಿದೆ. ಅಷ್ಟಿಷ್ಟು ಜಿನುಗಿದ್ದು ಬಿಸಿ ಕಬ್ಬಿಣದ ಮೇಲೆ ಅಲ್ಲೇ ಆವಿಯಾಗಿದೆ. ರಾತ್ರಿ ತಣಿದರೆ ಸಂದು ಮತ್ತೆ ಬಾಯಿ ಬಿಡುತ್ತದೆ.

ಕುಬಟೂರಿನಿಂದ ಸೈಕಲ್ ತುಳಿದುಕೊಂಡು ಆನವಟ್ಟಿಗೆ ಬಂದು ಗ್ಯಾರೇಜ್ ಕೆಲಸ ಕಲಿತ, ಈಗ ಅರವತ್ತು ದಾಟಿದ ಮೇಸ್ತ್ರಿಯೊಬ್ಬರು ಈ ಹನಿಯ ಹಿಂದೆ ನಲವತ್ತೈದು ವರ್ಷ ಕಳೆದಿದ್ದಾರೆ. ಅವರು ಪಾನಾ ಹಿಡಿದ ಕಾಲಕ್ಕೆ ಎಚ್‌ಎಂಟಿ ಟ್ರ್ಯಾಕ್ಟರ್ ಎಂದರೆ ಊರೇ ತಿರುಗಿ ನೋಡುತ್ತಿತ್ತು. ಜೆಟಾರ್ ಕಂಪನಿಯ ಸಹಯೋಗದಲ್ಲಿ 1971ರಲ್ಲಿ ಪಿಂಜೋರಿನಲ್ಲಿ ತಯಾರಾಗತೊಡಗಿದ 25 ಎಚ್‌ಪಿಯ 2511 ಅದು. ಕೂಲೆಂಟ್ ಎಂಬ ಮಾತೇ ಆಗ ಇರಲಿಲ್ಲ. ಕೆರೆಯ ನೀರನ್ನು ಕೊಡದಲ್ಲಿ ತಂದು, ಬಟ್ಟೆಯಲ್ಲಿ ಸೋಸಿ ರೇಡಿಯೇಟರಿಗೆ ಹೊಯ್ಯುತ್ತಿದ್ದರು.

ಪ್ಲಗ್ ಕೂರಿಸುವುದಕ್ಕೆ ಸೆಣಬಿನ ಎಳೆ ಮತ್ತು ಅಗಸೆ ಎಣ್ಣೆಯಲ್ಲಿ ಕಲಸಿದ ಸಫೇದ. ಎಳೆಯನ್ನು ಪ್ಲಗ್ ತಿರುಗುವ ದಿಕ್ಕಿಗೇ ಸುತ್ತಬೇಕು, ತಪ್ಪಿದರೆ ಬಿಗಿ ಮಾಡುವಾಗ ಬಿಚ್ಚಿ ಹೊರಗೆ ಬರುತ್ತದೆ. ನೀರು ತಾಗಿದರೆ ಸೆಣಬು ಉಬ್ಬಿ ಸಂದು ತುಂಬುತ್ತಿತ್ತು. ದಾರಿಯಲ್ಲಿ ಕೈಕೊಟ್ಟ ಗಾಡಿಗೆ ಇನ್ನೊಂದು ಮದ್ದಿತ್ತು, ಅಡುಗೆಮನೆಯ ಅರಿಶಿನ. ಒಂದು ಹಿಡಿ ಪುಡಿಯನ್ನು ರೇಡಿಯೇಟರಿಗೆ ಸುರಿದರೆ ಅದು ಸೋರುವ ಜಾಗ ಹುಡುಕಿಕೊಂಡು ಹೋಗಿ ಗಂಟಾಗುತ್ತಿತ್ತು. ಮನೆ ಮುಟ್ಟುವಷ್ಟಕ್ಕೆ ಅದು ಸಾಕು. ಆಮೇಲೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಗಂಟು ಕಟ್ಟಿ ಇಂಜಿನ್ ಕುದಿಯುತ್ತಿತ್ತು.

ದೊಡ್ಡ ಬದಲಾವಣೆ ಬಂದದ್ದು ಹಸಿರು ಕೂಲೆಂಟಿನ ಜೊತೆ. ತುಕ್ಕು ತಡೆಯಲೆಂದು ಹಾಕಿಸಿದ ರೈತರು ತಿಂಗಳೊಪ್ಪತ್ತಿನಲ್ಲಿ ತಿರುಗಿ ಬಂದರು. ‘ಕೂಲೆಂಟ್ ಹಾಕಿಸಿದ ಮ್ಯಾಲೇ ಸೋರಾಕ ಹತ್ತೈತಲ್ಲ ಮೇಸ್ತ್ರಿ’ ಎಂಬ ದೂರು ಸುಳ್ಳಾಗಿರಲಿಲ್ಲ. ವರ್ಷಗಟ್ಟಲೆ ಬರಿ ನೀರು ಕುಡಿದ ಬ್ಲಾಕಿನಲ್ಲಿ ಪ್ಲಗ್ಗಿನ ಥ್ರೆಡ್ ಎಂದೋ ಸವೆದಿತ್ತು. ತುಕ್ಕು ಮತ್ತು ಸುಣ್ಣದ ಹೊಟ್ಟೇ ಅಲ್ಲಿ ಬಿರಡೆಯಾಗಿ ನಿಂತಿತ್ತು. ಕೂಲೆಂಟ್ ಆ ಹೊಟ್ಟನ್ನು ಸಡಿಲಿಸಿತು. ಮೇಲಾಗಿ ಅದರಲ್ಲಿರುವ ಗ್ಲೈಕಾಲ್ ನೀರಿಗಿಂತ ಸಲೀಸಾಗಿ ಸಂದಿಗೆ ಇಳಿಯುತ್ತದೆ. ಎಷ್ಟೋ ಜನ ಸಿಟ್ಟಾಗಿ ಕೆರೆ ನೀರಿಗೇ ಮರಳಿದರು. ಸೋರಿಕೆ ನಿಂತಿತು, ಬ್ಲಾಕು ಒಳಗೊಳಗೇ ಕರಗುತ್ತ ಹೋಯಿತು. ಇದನ್ನು ಹೇಳುವಾಗ ಮೇಸ್ತ್ರಿಯ ದನಿಯಲ್ಲಿ ಇಂದಿಗೂ ಸಂಕಟವಿದೆ.

ಹಳೆಯ ಪ್ಲಗ್ ಬಿಚ್ಚುವುದೇ ಅರ್ಧ ಕೆಲಸ. ಉದ್ದ ಪೈಪು ಸಿಕ್ಕಿಸಿ ಎಳೆದರೆ ಪ್ಲಗ್ಗಿನ ಚೌಕ ತಲೆ ಉರುಟಾಗುತ್ತದೆ. ಮೇಸ್ತ್ರಿ ಮೊದಲು ಸುತ್ತಿಗೆಯಿಂದ ತಲೆಯ ಮೇಲೆ ನೇರವಾಗಿ ನಾಲ್ಕು ಏಟು ಹಾಕುತ್ತಾರೆ. ಹಿಂದಿನ ರಾತ್ರಿಯೇ ಸೀಮೆ ಎಣ್ಣೆ ಬಿಟ್ಟಿರುತ್ತಾರೆ; ಅದನ್ನು ಚೆನ್ನಾಗಿ ಒರೆಸಿದ ಮೇಲೆಯೇ ಗ್ಯಾಸ್ ಜ್ವಾಲೆಯಲ್ಲಿ ಪ್ಲಗ್ ಕಾಯಿಸಿ, ಅಂಚಿಗೆ ಮೇಣದ ಬತ್ತಿ ತಾಗಿಸುತ್ತಾರೆ. ಕರಗಿದ ಮೇಣ ಥ್ರೆಡ್ಡಿನ ಒಳಗೆ ತಾನಾಗಿ ಎಳೆದುಕೊಂಡು ಹೋಗುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಒಮ್ಮೆ ಬಿಗಿಯುವ ಕಡೆಗೆ ಕೂದಲೆಳೆಯಷ್ಟು, ಒಮ್ಮೆ ಬಿಚ್ಚುವ ಕಡೆಗೆ. ‘ಕಿರ್’ ಎಂದರೆ ಕೆಲಸ ಗೆದ್ದಂತೆ.

ಹೊಸ ಪ್ಲಗ್ಗಿನಲ್ಲೂ ಮೋಸ ಹೋಗುವುದುಂಟು. ಪೈಪ್ ಥ್ರೆಡ್ ಮೊನೆಯ ಕಡೆಗೆ ಸಣ್ಣಗಾಗುತ್ತ ಹೋಗುತ್ತದೆ, 16ಕ್ಕೆ 1ರ ಇಳಿಜಾರು. ಬ್ರಿಟಿಷ್ ಮಾದರಿಗೂ ಅಮೆರಿಕದ ಮಾದರಿಗೂ ಇಳಿಜಾರು ಒಂದೇ. ಅರ್ಧ ಇಂಚಿನ ಅಳತೆಯಲ್ಲಿ ಇಂಚಿಗೆ 14 ಥ್ರೆಡ್ ಎನ್ನುವುದೂ ಒಂದೇ. ಕೋನ ಮಾತ್ರ ಒಂದರಲ್ಲಿ 55 ಡಿಗ್ರಿ, ಇನ್ನೊಂದರಲ್ಲಿ 60. ಎರಡು ಮೂರು ಸುತ್ತು ಸಲೀಸಾಗಿ ಹಿಡಿಯುತ್ತದೆ, ಕೂತಂತೆಯೂ ಕಾಣುತ್ತದೆ. ಆದರೆ ಸೋರುವುದು ನಿಲ್ಲುವುದಿಲ್ಲ. ಅಂಥ ಹೊತ್ತಿನಲ್ಲಿ ಮೇಸ್ತ್ರಿ ಲೇತ್ ಅಂಗಡಿಗೆ ಹೋಗಿ ಹಿತ್ತಾಳೆ ಸಲಾಕೆಯಿಂದ ಪ್ಲಗ್ ಕಡೆಸುತ್ತಾರೆ. ಹಿತ್ತಾಳೆಯಾದರೆ ತುಕ್ಕಿಗೆ ಕಚ್ಚಿಕೊಳ್ಳುವುದಿಲ್ಲ, ಮುಂದೆ ಬಿಚ್ಚುವವನಿಗೂ ಸುಲಭ. ಅವರು ಬಹುಕಾಲ ಹೋಗುತ್ತಿದ್ದ ಅಂಗಡಿಯ ಲೇತ್ ಹರಿಹರದ್ದು, 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದು.

ಟೆಫ್ಲಾನ್ ಟೇಪು ಬಂದಾಗ ಎಲ್ಲರೂ ಸೆಣಬು ಬಿಟ್ಟರು. ಟೇಪು ನುಣುಪು, ಪ್ಲಗ್ ಮಿತಿ ಮೀರಿ ಒಳಗೆ ಹೋಗುವುದು ಕೈಗೆ ತಿಳಿಯುವುದೇ ಇಲ್ಲ. ಇಳಿಜಾರಿನ ಪ್ಲಗ್ ಬೆಣೆಯಂತೆ. ಬೀಡುಕಬ್ಬಿಣ ಅದುಮಿದರೆ ತಾಳುತ್ತದೆ, ಹಿಗ್ಗಿಸಿದರೆ ತಾಳದು. ಬೇರೊಂದು ಗ್ಯಾರೇಜಿನಲ್ಲಿ ಹೀಗೆ ಬಿಗಿದ ಬ್ಲಾಕೊಂದು ತೂತಿನ ಅಂಚಿನಿಂದ ಎರಡು ಬೆರಳುದ್ದ ಸೀಳು ಬಿಟ್ಟು ಇವರಲ್ಲಿಗೆ ಬಂದಿತ್ತು. ಆ ದಿನದಿಂದ ಗ್ಯಾರೇಜಿನ ಹುಡುಗರಿಗೆ ಅವರು ಪ್ಲಗ್ ಬಿಗಿಯಲು ಉದ್ದ ಹಿಡಿಯ ಪಾನಾ ಕೊಟ್ಟಿಲ್ಲ. ಟೇಪು ಸುತ್ತುವುದಾದರೂ ಮೊದಲ ಎರಡು ಥ್ರೆಡ್ ಬರಿದಾಗಿರಬೇಕು, ಚೂರು ಹರಿದು ಥರ್ಮೋಸ್ಟಾಟಿಗೆ ಸಿಕ್ಕಬಾರದು.

ಈಗ ಅವರ ಪೆಟ್ಟಿಗೆಯಲ್ಲಿರುವುದು ಬಾಟಲಿಯ ಅಂಟು. ಅಮೆರಿಕದ ವರ್ನನ್ ಕ್ರೀಬಲ್ 1953ರಲ್ಲಿ ರೂಪಿಸಿದ ಬಗೆಯದು. ಗಾಳಿ ಇರುವ ತನಕ ದ್ರವ. ಗಾಳಿ ಸಿಗದೆ ಲೋಹದ ನಡುವೆ ಸಿಕ್ಕಿದಾಗ ಕಲ್ಲು. ಅದಕ್ಕೇ ಬಾಟಲಿಯನ್ನು ಪೂರ್ತಿ ತುಂಬಿರುವುದಿಲ್ಲ. ಪೆಟ್ರೋಲಿನಲ್ಲಿ ಥ್ರೆಡ್ ಉಜ್ಜಿ ಎಣ್ಣೆಯ ಪಸೆ ತೆಗೆಯದಿದ್ದರೆ ಅದೂ ಹಿಡಿಯುವುದಿಲ್ಲ.

ಸಂಜೆ ಊರಿಗೆ ಮರಳುವಾಗ ಮೇಸ್ತ್ರಿ ಕೆಲವೊಮ್ಮೆ ಕೈಟಭೇಶ್ವರನ ಗುಡಿಯಲ್ಲಿ ಕೂರುತ್ತಾರೆ. ಸುಮಾರು 1100ರ ಹೊತ್ತಿಗೆ ಕಟ್ಟಿದ ಗುಡಿ, ಮಂಟಪದ ತುಂಬ ತಿರುಗಣೆ ಕಂಬಗಳು. ಲೇತಿನಲ್ಲಿ ಕಡೆದಂಥ ಬಳೆಗೆರೆಗಳ ಮೇಲೆ ಅವರ ಹೆಬ್ಬೆರಳು ತಾನಾಗಿ ಓಡುತ್ತದೆ. ಕಲ್ಲಿಗೂ ಕಲ್ಲಿಗೂ ನಡುವೆ ಗಾರೆ ಇಲ್ಲ.

ಮೊನ್ನೆ ಶುಂಠಿ ಬೆಳೆಯುವವರೊಬ್ಬರ ಟ್ರ್ಯಾಕ್ಟರ್ ಬಂದಿತ್ತು. ಪ್ಲಗ್ ಕೂರಿಸಿ, ಅಂಟು ಗಟ್ಟಿಯಾಗಲು ಬಿಟ್ಟು, ಕೂಲೆಂಟ್ ತುಂಬಿದರು. ಇಂಜಿನ್ ಕೆಳಗೆ ರಟ್ಟಿನ ತುಂಡೊಂದನ್ನು ಹಾಸಿ, ಗಾಡಿ ಇವತ್ತು ಕೊಡುವುದಿಲ್ಲ, ಬೆಳಿಗ್ಗೆ ರಟ್ಟು ನೋಡಿ ಕೊಡುತ್ತೇನೆ ಎಂದು ಕೈ ತೊಳೆಯಲು ಹೋದರು.